ಹಿಂದಿಂದ ಕರೀಬಾರದು

ಪರದೇಶಕ್ಕ ಹೋಗಿ ಬಂದೀರಿ, ಏನೇನ್ ನೋಡಿದ್ರಿ ಅಂತ ಅಂಗಡಿಗಿ ಬಂದ ಹೆಣ್ಮಕ್ಕಳೆಲ್ಲಾ ಕೇಳ್ತಾರ. ಕುಬುಸದ ಅಳತಿ ಕೊಡ್ರವ್ವಾ ಅಂದ್ರ ಎರಡೂ ಕೈ ಮ್ಯಾಲೆತ್ತಿ ನಿಂತುಕೊಂಡೇ ಕೇಳ್ತಾರ. ಬಾಯಾಗ ಟಾಚಣಿ ಕಚ್ಚಿಕೊಂಡು ನಾ ಎಷ್ಟಂತ ಹೇಳಲಿ? ಟಿವ್ಯಾಗ ಎಲ್ಲಾ ನೋಡೇ ಬಂದಿರ್ತಾರ, ಆದರೂ ಕೇಳ್ತಾರ. ಕೇಳಿ ಮುಗಿಸಿದ ಮ್ಯಾಲ ಎಲ್ಲರದೂ ಒಂದೇ ಮಾತು, ನಿಮ್ಮ ವೈನಿ ಆವಾಗ ಕರೀಬಾರದಿತ್ತು ಬಿಡ್ರಿ ಅಂತ. ಅದಕ್ಕ ಒಮ್ಮೆ ಪೂರಾ ಬರದು ಇಟ್ಟುಬಿಡ್ತೇನಿ. ಓದಿದ ಮ್ಯಾಲ ಏನ್ ಬೇಕಾದ್ದು ಅನ್ರಿ, ನಾ ಬ್ಯಾಡ ಅನ್ನೂದಿಲ್ಲ.

ನನ್ನ ಹೆಸರು ಶಾರದಾ. ಬೀದರದ ಹಳೀ ಊರಾಗ, ಚೌಬಾರಾ ಗೋಪುರದ ಹಿಂದಿನ ಓಣ್ಯಾಗ ನನ್ನ ಹೊಲಿಗಿ ಅಂಗಡಿ ಅದ. ಟಿವ್ಯಾಗ ಬೆಟ್ಟ ಹತ್ತೂ ಸ್ಪರ್ಧಾ ನಡೀತಲ್ಲ, ಅದರಾಗಿದ್ದ ಭಾಗ್ಯಾ ನಮ್ಮ ಅಣ್ಣನ ಮಗಳು. ಅಣ್ಣ ಈಗಿಲ್ಲ. ಅಣ್ಣನ ಹೆಂಡ್ತಿ, ನಮ್ಮ ವೈನಿ ಕಮಲಾಬಾಯಿ, ಔರಾದ ತಾಲ್ಲೂಕಿನ ಚಿಂತಾಕ್ಯಾಗ ಇರ್ತಾರ.

ಚಿಂತಾಕಿ

ಚಿಂತಾಕಿ ಸುತ್ತ ತೊಗರಿ ಹೊಲ, ಸೋಯಾ ಹೊಲ. ಕಣ್ಣು ಹಾಯಿಸಿದಷ್ಟು ಸಪಾಟ. ಬೆಟ್ಟ ಹತ್ತೂ ಹುಡುಗಿ ಅಲ್ಲಿ ಹ್ಯಾಂಗ ಹುಟ್ಟಿದ್ಲು ಅಂತ ಮುಂಬೈ ಟಿವಿ ಮಂದಿ ಕೇಳಿದ್ರು. ಊರಾಗ ಎತ್ತರದ್ದು ಅಂದ್ರ ನೀರಿನ ಟಾಕಿ ಒಂದೇ, ಅದನ್ನ ಹತ್ತಿ ಬೈಸಿಕೊಂಡಳು, ಮತ್ತ ಹತ್ತಿದಳು. ಬೀದರಕ್ಕ ಕಾಲೇಜಿಗಿ ಬಂದು ಎನ್‌ಸಿಸಿ ಸೇರಿ, ಅಲ್ಲಿಂದ ಹಿಮಾಲಯದಾಗ ತರಬೇತಿಗಿ ಹೋಗಿ, ಮೂಗಿನ ತೊಗಲು ಸುಲಕೊಂಡು ಮನಿಗಿ ಬಂದ್ಲು. ಆವತ್ತಿನಿಂದ ಆಕಿ ಸಪಾಟ ನೆಲದ ಮ್ಯಾಲ ಸರಿಯಾಗಿ ನಿಂತಿದ್ದೇ ನಾ ನೋಡಿಲ್ಲ. ಸ್ಪರ್ಧಾದಾಗ ಗೆದ್ದವರಿಗಿ ರೊಕ್ಕ ಇತ್ತು, ಅದು ಇರಲಿ. ಗೆದ್ದವರನ್ನ ಒಂದು ದೊಡ್ಡ ಪರ್ವತಾರೋಹಿ ತಂಡ ತನ್ನ ಸಂಗಾಟ ಇಟ್ಟುಕೊಂಡು ಬೆಟ್ಟ ಹತ್ತೂದು ಕಲಿಸೂ ಗುರುಗಳನ್ನಾಗಿ ಮಾಡ್ತದ ಅಂತ ಮಾತಿತ್ತು. ಆಕಿಗಿ ಬೇಕಾಗಿದ್ದದ್ದು ಅದು. ಗೆದ್ರ ಜೀವಮಾನ ಬೆಟ್ಟದಾಗೇ ಇರ್ತೇನಿ ಅತ್ತಿ, ಅಂದಿದ್ಲು.

ಕಡೀ ಹಂತ ಜಾರ್ಜಿಯಾ ಅನ್ನೂ ದೇಶದಾಗ. ಅಲ್ಲಿಗಿ, ಸ್ಪರ್ಧಾದಾಗ ಕಡೀತನಕ ಉಳಿದವರ ಮನಿ ಮಂದಿನೂ ಬರಬೇಕು, ಕ್ಯಾಮೆರಾದ ಮುಂದ ನಿಂತು ಅಳಬೇಕು, ನಗಬೇಕು. ವೈನಿಗಿ ಕನ್ನಡ, ಮರಾಠಿ ಬಿಟ್ಟು ಬ್ಯಾರೆ ಬರೂದಿಲ್ಲ. ನನಗ ನಮ್ಮ ಓಣಿ ಮುಸಲ್ಮಾನರ ಜೋಡಿ ಮಾತಾಡಿ ಮಾತಾಡಿ ಬಂದ ಬೀದರದ ಹಿಂದಿ ಇತ್ತು. ಹಂಗಾಗಿ ನಾನೂ ಹೊಂಟೆ, ವೈನಿಯ ನಾಲಿಗಿಯಾಗಿ.

ಒಂದು ಮಾತು ಇಲ್ಲೇ ಹೇಳಬೇಕು, ಇಲ್ಲಂದ್ರ ಮುಂದಿಂದು ತಿಳಿಯೂದಿಲ್ಲ. ಮನಿಯಿಂದ ಹೊಂಟವರನ್ನ ಹಿಂದಿಂದ ಕರೀಬಾರದು. ಇದು ನಮ್ಮ ಕಡೆ ಎಲ್ಲರ ಮನ್ಯಾಗೂ ಇರೂದೇ. ಬಾಯಿ ತಪ್ಪಿ ಕರದ್ರ, ಹೊಂಟವರು ಹೊರಳಿ ಬಂದು, ಒಂದು ಗಳಿಗಿ ಕುಂತು, ನೀರು ಕುಡದು, ಆಮ್ಯಾಲ ಹೊಸದಾಗಿ ಹೊಂಡಬೇಕು. ಬ್ಯಾರೆ ಮನ್ಯಾಗ ಅರ್ಧ ನಂಬಿ ಅರ್ಧ ನಕ್ಕು ಮಾಡ್ತಾರ. ಚಿಂತಾಕಿ ಮನ್ಯಾಗ ನಗೂದಿಲ್ಲ.

ಅಣ್ಣ ಆವತ್ತು ಉದಗೀರಕ್ಕ ಹೊಂಟಿದ್ದ. ಮೋಟರ್ ಸೈಕಲ್ ಚಾಲೂ ಮಾಡಿ ಅಂಗಳ ದಾಟಿದ್ದ. ಬುತ್ತಿ ಡಬ್ಬಿ ಕಟ್ಟಿ ಮ್ಯಾಲೇ ಉಳದಿತ್ತು. ವೈನಿ ಹಿಂದಿಂದ ಕೂಗಿದ್ರು. ಅಣ್ಣ ಗಾಡಿ ಮ್ಯಾಲಿಂದ ಇಳೀದನೇ ಡಬ್ಬಿ ಇಸಕೊಂಡ. ಒಳಗ ಬಂದು ಕುಂತು ನೀರು ಕುಡದು ಹೋಗ್ರಿ ಅಂತ ವೈನಿ ಎಷ್ಟು ಬೇಡಿಕೊಂಡ್ರೂ ನಕ್ಕು, ಉದಗೀರದಾಗ ಕುಡೀತೇನಿ ಬಿಡು ಅಂದ. ಉದಗೀರ ಮುಟ್ಟಲಿಲ್ಲ. ಹಾದ್ಯಾಗೇ ಲಾರಿ ಬಡೀತು. ಭಾಗ್ಯಾ ಆವಾಗ ಸಣ್ಣಾಕಿ, ಬಾಗಿಲ ಚೌಕಟ್ಟು ಹಿಡಕೊಂಡು ನಿಂತು ಎಲ್ಲಾ ನೋಡಿದ್ಲು. ಆವತ್ತಿನಿಂದ ವೈನಿ ಯಾರನ್ನೂ ಹಿಂದಿಂದ ಕರೀಲಿಲ್ಲ. ಮಗಳು ಸಾಲಿಗಿ ಹೊಂಟಾಗ ಪೆನ್ಸಿಲು ಉಳದ್ರ ಉಳೀಲಿ.

ತಿಬಿಲಿಸಿ

ಹೊರಡೂ ಮುಂದ ನಮ್ಮ ಬಾಜೂ ಮನಿ ಮೆಹರುನ್ನಿಸಾ ಆಪಾ ನಮ್ಮಿಬ್ಬರ ತೋಳಿಗಿ ಇಮಾಮ್ ಜಾಮಿನ್ ಕಟ್ಟಿದ್ರು, ನಾಣ್ಯ ಇಟ್ಟು ಹೊಲಿದ ಹಸರು ಬಟ್ಟಿ. ದೂರ ಹೋಗೂವರಿಗಿ ಕಟ್ಟೂದು ಅವರ ಪದ್ಧತಿ. ಬಟ್ಟಿ ಹೊಲದಾಕಿ ನಾನೇ, ಗಟ್ಟಿ ಹೊಲಿಗಿ ಹಾಕಿದ್ದೆ. ವಿಮಾನ ನಿಲ್ದಾಣದಾಗ ಆ ನಾಣ್ಯ ನೋಡಿ ಮಷೀನು ಕುಂಯ್ ಅಂತು. ಬಿಚ್ಚ್ರಿ ಅಂದ್ರು. ನನ್ನ ಹೊಲಿಗಿ ಅವರಪ್ಪನ ಕೈಲೆ ಬಿಚ್ಚೂದಿಲ್ಲ. ಕತ್ತರಿ ನಮ್ಮ ಹತ್ರ ಇಲ್ಲ, ಇದ್ರೂ ಒಳಗ ಬಿಡೂದಿಲ್ಲ. ಹಿಂದ ದೊಡ್ಡ ಸಾಲು, ಎಲ್ಲರೂ ನಮ್ಮನ್ನೇ ನೋಡೂದು. ಕಡೀಗಿ ಒಬ್ಬಾಕಿ ಪೊಲೀಸ್ ಹುಡುಗಿ ಬಟ್ಟಿ ಮುಟ್ಟಿ ನೋಡಿ, ನಮ್ಮಜ್ಜಿನೂ ಕಟ್ತಿದ್ಲು ಅಂತ ಹೇಳಿ ಬಿಟ್ಟಳು.

ನಡುವ ಒಂದು ಊರಾಗ ವಿಮಾನ ಬದಲಿ. ಅಲ್ಲಿ ತಾವಾಗೇ ಸರಿಯೂ ಮೆಟ್ಟಿಲು ಹತ್ತಲಾರದೇ ವೈನಿ ಸೀರಿ ಎತ್ತಿ ಹಿಡಕೊಂಡು ಭಾಳ ಹೊತ್ತು ನಿಂತ್ರು. ನಾ ಕೈ ಹಿಡದು ಎಳದೆ, ಅವರ ಒಂದು ಚಪ್ಪಲ್ಲು ಕೆಳಗೇ ಉಳೀತು. ಚಪ್ಪಲ್ಲು ಮುಂದಿನ ಮೆಟ್ಟಿಲ ಮ್ಯಾಲ ತಾನೇ ಕುಂತು ನಮ್ಮ ಹಿಂದಿಂದ ಮ್ಯಾಲ ಬಂತು. ಆ ಪ್ರವಾಸದಾಗ ವೈನಿ ನಕ್ಕಿದ್ದು ಅಲ್ಲೇ.

ತಿಬಿಲಿಸಿ ಊರು ನೋಡಲಿಕ್ಕೆ ಛಂದ ಅದ, ಆದ್ರ ನನಗ ಯಾಕೋ ಮನಸ್ಸಿಗಿ ಬರಲಿಲ್ಲ. ಆಕಾಶ ಬೂದಿ ಬಣ್ಣ, ಮಂದಿ ಮುಖ ಗಂಟು. ವಯಸ್ಸಾದ ಹೆಣ್ಮಕ್ಕಳೆಲ್ಲಾ ಕರೀ ಬಟ್ಟಿ ಹಾಕ್ತಾರ. ಗಂಡ ಸತ್ತಾನ ಅಂದ್ರ ಭಾಳ ಮಂದಿ ಕಡೀತನಕ ಕರೀದೇ ಹಾಕ್ತಾರಂತ. ನಮ್ಮ ಡ್ರೈವರ್ ಲೆವಾನ್ ಅನ್ನಾಂವ ಚರ್ಚು ಕಂಡಲ್ಲೆಲ್ಲಾ ಸ್ಟೇರಿಂಗ್ ಬಿಟ್ಟು ಹಣಿ, ಎದಿ, ಹೆಗಲು ಮುಟ್ಟಿಕೊಂಡು ಶಿಲುಬಿ ಗುರುತು ಮಾಡ್ತಿದ್ದ. ಆ ಊರಾಗ ಹೆಜ್ಜಿಗೊಂದು ಚರ್ಚು. ನಾ ಅಂಜಿ ಮುಂದಿನ ಸೀಟು ಹಿಡಕೊಂಡು ಕುಂತಿದ್ದೆ. ವೈನಿಗಿ ಅವ ಭಾಳ ಸೇರಿದ. ದೇವರಿಗಿ ಅಂಜಾಂವ ಗಾಡಿ ನೆಟ್ಟಗ ನಡಸ್ತಾನ ಅಂದ್ರು.

ತಂದೂರ್ ರೊಟ್ಟಿ ಅಂಗಡಿ ನೋಡಿ ಮಾತ್ರ ನನಗ ಜೀವ ಬಂದಂಗಾತು. ನಮ್ಮ ಬೀದರದಾಗ ಹ್ಯಾಂಗ ಭಟ್ಟಿಯೊಳಗ ಬಗ್ಗಿ ಗ್ವಾಡಿಗಿ ರೊಟ್ಟಿ ಬಡೀತಾರೋ ಹಂಗೇ. ಇಲ್ಲಿ ರೊಟ್ಟಿ ದುಂಡಗ, ಅಲ್ಲಿ ದೋಣಿ ಹಂಗ ಉದ್ದಕ. ವೈನಿ ಚಿಂತಾಕಿಯಿಂದ ಖಡಕ್ ರೊಟ್ಟಿ, ಶೇಂಗಾದ ಖಾರಪುಡಿ ಹಿಂಡಿ ಕಟಗೊಂಡು ಬಂದಿದ್ರು. ಬಿಸಿ ರೊಟ್ಟಿಗಿ ಹಿಂಡಿ ಹಚ್ಚಿ ಲೆವಾನಗೂ ಕೊಟ್ರು. ಅವ ಒಂದು ತುತ್ತು ತಿಂದು, ಗಾಡಿ ನಿಲ್ಲಿಸಿ, ಕೆಳಗ ಇಳದು ಕೆಮ್ಮಿದ.

ಟಿವಿ ಮಂದ್ಯಾಗ ಮುಖ್ಯ ರೋಹನ್ ಅಂತ ಒಬ್ಬ. ಕಿವ್ಯಾಗ ಯಾವಾಗಲೂ ಯಂತ್ರ, ಬಾಯಾಗ ಯಾವಾಗಲೂ ಚೂಯಿಂಗ್ ಗಮ್. ವೈನಿಗಿ ಉಡಲಿಕ್ಕೆ ಮರುಭೂಮಿ ಕಡೆಯವರ ಲಂಗಾ, ಕನ್ನಡಿ ಹಚ್ಚಿದ ಓಢಣಿ ತಂದಿದ್ದ. ಹಳ್ಳಿ ಹೆಣ್ಮಗಳು ಅಂತ ನೋಡೂವರಿಗಿ ತಿಳೀಬೇಕಂತ. ಆ ಬಟ್ಟಿ ನಮ್ಮದಲ್ಲ, ಇವರು ಸೀರಿನೇ ಉಡ್ತಾರ, ನಕ್ಕೋ ಅಂದೆ. 'ಬ್ಯಾಡ' ಅನ್ನೂದಕ್ಕ ನಾ ಅಂದ ಬೀದರದ 'ನಕ್ಕೋ' ಕೇಳಿ ಎಲ್ಲರೂ ನಕ್ಕು, ಮತ್ತೊಮ್ಮೆ ಅನ್ರಿ ಆಂಟಿ, ಮತ್ತೊಮ್ಮೆ ಅಂತ ಕ್ಯಾಮೆರಾ ತಂದ್ರು. ನಾ ಅನ್ನಲಿಲ್ಲ. ಸೀರಿ ಉಳೀತು.

ಕಾಝ್ಬೆಗಿ

ಬೆಟ್ಟದ ಬುಡದ ಆ ಊರಿಗಿ ಹೋಗೂ ಹಾದಿ ಬಗ್ಗಿ ಕೇಳಬ್ಯಾಡ್ರಿ. ಒಂದು ಕಡೆ ಪ್ರಪಾತ, ಒಂದು ಕಡೆ ಲಾರಿಗಳ ಸಾಲು, ನಡುವ ದನ. ನಮ್ಮ ಬೀದರದ ದನಗಳಂಗೇ ರೋಡಿನ ನಡುವ ಮಲಗಿ ಮೆಲಕು ಹಾಕ್ತಾವ, ಹಾರ್ನಿಗಿ ಕಿವೀನೂ ಅಲುಗಿಸೂದಿಲ್ಲ. ಲಾರಿ ಕಂಡಾಗೊಮ್ಮೆ ವೈನಿ ಕಣ್ಣು ಮುಚ್ಚಿಕೊಂತಿದ್ರು.

ನಮ್ಮನ್ನ ಮನಾನಾ ಅನ್ನೂ ಮುದುಕಿ ಮನ್ಯಾಗ ಇಟ್ಟಿದ್ರು. ವೈನಿ ಮೊದಲನೇ ದಿನಾನೇ ಆಕಿಗಿ ಮನಾನಾಬಾಯಿ ಅಂತ ಹೆಸರು ಹಚ್ಚಿದ್ರು. ಆಕಿ ಆಕಿ ಭಾಷಾದಾಗ, ಇವರು ಚಿಂತಾಕಿ ಕನ್ನಡದಾಗ, ಇಬ್ಬರೂ ಅಡಗಿಮನ್ಯಾಗ ತಾಸುಗಟ್ಟಲೆ ಮಾತು. ಏನ್ ಮಾತಾಡ್ತೀರಿ ಅಂದ್ರ, ಹಾಲು ಒಡೀತಂತ, ಅದಕ್ಕ ಗಿಣ್ಣ ಮಾಡ್ಯಾಳಂತ ಅಂತಿದ್ರು. ಖರೇನೇ ಇರ್ತಿತ್ತು. ನನಗ ಹಿಂದಿ ಬಂದು ಏನ್ ಉಪಯೋಗ ಆತು ಅನಸ್ತಿತ್ತು.

ಒಂದು ದಿನ ಮನಾನಾಬಾಯಿ ನಮ್ಮನ್ನ ಊರ ಹೊರಗಿನ ಸ್ಮಶಾನಕ್ಕ ಕರಕೊಂಡು ಹೋದ್ಲು. ಅಲ್ಲಿ ಗೋರಿ ಮ್ಯಾಲ ಕರೀ ಕಲ್ಲಿನಾಗ ಸತ್ತವರ ಮುಖ ಕೆತ್ತಿಸ್ತಾರ. ಹೆಸರು ಅಲ್ಲರಿ, ಪೂರಾ ಮುಖ, ಮೀಸಿ, ಟೊಪ್ಪಿಗಿ ಸುದ್ದಾ. ಬಾಜೂಕ ಒಂದು ಸಣ್ಣ ಮೇಜು, ಬೆಂಚು. ಹಬ್ಬದ ದಿನ ಅಲ್ಲೇ ಕುಂತು ಸತ್ತವರ ಜೋಡಿ ಉಣ್ತಾರಂತ. ಮನಾನಾಬಾಯಿ ಗಂಡನೂ ಅಲ್ಲಿ ಕಲ್ಲಿನಾಗ ನಿಂತಿದ್ದ. ಹ್ಯಾಂಗ ಸತ್ತ ಅಂತ ಕೇಳೂವಷ್ಟು ಭಾಷಾ ನಮ್ಮ ಹತ್ರ ಇರಲಿಲ್ಲ. ವೈನಿ ಆ ಬೆಂಚಿನ ಮ್ಯಾಲ ಕುಂತು, ಪಿಶವ್ಯಾಗಿಂದ ಒಂದು ಖಡಕ್ ರೊಟ್ಟಿ ತಗದು ಮೇಜಿನ ಮ್ಯಾಲ ಇಟ್ರು. ಮನಾನಾಬಾಯಿ ಅದನ್ನ ಮುರದು ಅರ್ಧ ತಾ ತಿಂದಳು, ಅರ್ಧ ಕಲ್ಲಿನ ಮುಂದ ಇಟ್ಟಳು. ನನಗ ಅಲ್ಲಿ ಕುಂಡರಲಿಕ್ಕಾಗಲಿಲ್ಲ, ಎದ್ದು ಹೊರಗ ಬಂದು ನಿಂತೆ.

ಭಾಗ್ಯಾನ ಮುಖ ನೋಡಲಿಕ್ಕೆ ನಮಗ ಪರವಾನಗಿ ಇದ್ದದ್ದು ಕ್ಯಾಮೆರಾದ ಮುಂದ ಮಾತ್ರ. ಸ್ಪರ್ಧಾದ ಹಿಂದಿನ ದಿನ ಬೆಂಕಿ ಹಚ್ಚಿ, ಸುತ್ತ ಕೂಡಿಸಿದ್ರು. ಆಕಿ ಸೊರಗಿದ್ಲು, ತುಟಿ ಒಡದಿದ್ದವು, ಕಣ್ಣು ಮಾತ್ರ ಮಿಂಚತಿದ್ದವು. ಉಳಿದವರು ಇಬ್ಬರೇ, ಉತ್ತರದ ಬೆಟ್ಟದ ಸೀಮಿ ಹುಡುಗ ಒಬ್ಬ ಮತ್ತ ಈಕಿ. ಮಗಳು ಬೆಟ್ಟ ಹತ್ತೂವಾಗ ಅಂಜಿಕಿ ಬರ್ತದೇನು ಅಂತ ರೋಹನ್ ನನ್ನ ಕೈಲೆ ವೈನಿನ್ನ ಕೇಳಿಸಿದ. ಬರ್ತದ್ರಿ, ತಾಯಿ ಅಲ್ಲೇನು, ಹೋಗಬ್ಯಾಡ ಅಂತ ಬಾಯಿ ತನಕ ಬರ್ತದ, ನುಂಗ್ತೇನಿ ಅಂದ್ರು ವೈನಿ. ನಾ ಅದನ್ನೇ ಹಿಂದಿದಾಗ ಹೇಳಿದೆ. ಭಾಳ ಛಲೋ ಅಂತ ಅವ ಹೆಬ್ಬಟ್ಟು ಎತ್ತಿದ.

ಹಿಮದ ಅಂಚು

ಮುಂಜಾನಿ ಹೊಂಡೂ ಮುಂದ ಮನಾನಾಬಾಯಿ ಬಾಗಿಲಿಗಿ ಅಡ್ಡ ನಿಂತಳು. ನಮ್ಮನ್ನ, ಲೆವಾನನ್ನ, ಎಲ್ಲರನ್ನೂ ಹಿಡದು ಕುಂಡ್ರಿಸಿದಳು. ತಾನೂ ಪೆಟ್ಟಿಗಿ ಮ್ಯಾಲ ಕುಂತಳು. ಯಾರೂ ಮಾತಾಡೂಹಂಗಿಲ್ಲ. ಒಂದು ಗಳಿಗಿ ಸುಮ್ಮ ಕುಂತು ಆಮ್ಯಾಲ ಎಬ್ಬಿಸಿದಳು. ದೂರ ಹೋಗೂವರು ಹಿಂಗ ಕುಂತು ಹೋಗೂದು ಅವರ ಕಡೆ ಹಳೀ ಮಂದಿ ಪದ್ಧತಿ ಅಂತ ಲೆವಾನ್ ಹರಕು ಇಂಗ್ಲಿಷಿನಾಗ, ಕೈ ಸನ್ನಿ ಮಾಡಿ ಹೇಳಿದ. ವೈನಿ ಮುಖ ಅರಳಿತು. ಶಾರದಾ, ಇವರೂ ನಮ್ಮಂಗೇ ಇದ್ದಾರಲ್ಲ ಅಂದ್ರು.

ಮ್ಯಾಲ ಹೋಗಲಿಕ್ಕೆ ಕುದುರಿ. ಹೊಲಿಗಿ ಮಷೀನ್ ಬಿಟ್ಟು ಬ್ಯಾರೆ ಯಾವುದರ ಮ್ಯಾಲೂ ಕಾಲು ಆಡಿಸದಾಕಿ ನಾ. ಕುದುರಿ ನನ್ನ ಮಾತು ಕೇಳಲಿಲ್ಲ, ಹಾದಿ ಬಿಟ್ಟು ಹುಲ್ಲು ಕಂಡಲ್ಲೆಲ್ಲಾ ಹೋತು. ವೈನಿಗಿ ಕೊಟ್ಟ ಬೂಟು ದೊಡ್ಡವಾಗಿ, ಒಳಗ ಪೇಪರ್ ತುರುಕಿದ್ವಿ. ಹಿಮ ಅಂದ್ರ ಬೆಳ್ಳಗ ಹೊಳೀತದ ಅಂತ ತಿಳದಿದ್ದೆ. ಅಲ್ಲಿ ಕಂಡದ್ದು ಧೂಳು ಕೂಡಿದ ಹತ್ತಿ ಹಂಗ ಇತ್ತು, ಮಾಸಿದ್ದು. ಮ್ಯಾಲ ಮಂಜು ಮುಸುಕಿ ಬೆಟ್ಟದ ತುದಿ ಕಾಣ್ತಿರಲಿಲ್ಲ.

ಹಿಮದ ಮ್ಯಾಲ ಒಂದು ಕೆಂಪು ಗೆರಿ ಎಳದಿದ್ರು. ಗೆರಿ ದಾಟಿದವರು ಮ್ಯಾಲಿನ ಬಾವುಟ ಮುಟ್ಟಿನೇ ಕೆಳಗ ಬರಬೇಕು. ಅದಕ್ಕೂ ಮೊದಲು ಯಾರರೇ ಗೆರಿ ದಾಟಿ ಈಕಡೆ ಬಂದ್ರ, ನನ್ನ ಕೈಲೆ ಆಗೂದಿಲ್ಲ ಅಂತ ಒಪ್ಪಿಕೊಂಡಂಗ, ಸ್ಪರ್ಧಾ ಮುಗೀತು. ಇದನ್ನ ತೀರ್ಪುಗಾರ ಎಲ್ಲರಿಗೂ ಓದಿ ಹೇಳಿದ. ಅವ ಸೈನ್ಯದಾಗ ಇದ್ದಾಂವ, ಬಿಳೀ ಮೀಸಿ, ಶಾಂತ ಮನಷ್ಯಾ. ನಾ ವೈನಿಗಿ ಕನ್ನಡದಾಗ ಹೇಳಿದೆ. ಅವರು ಕೇಳಿ ತಲಿ ಅಲ್ಲಾಡಿಸಿದ್ರು.

ಹಿಮದ ಮ್ಯಾಲ ನಡೀಲಿಕ್ಕೆ ಬೂಟಿನ ಕೆಳಗ ಕಬ್ಬಿಣದ ಹಲ್ಲು ಕಟ್ಟಿಕೊಂತಾರ. ಬೆಟ್ಟ ಹತ್ತಿಸೂ ಗುರುಗಳು ಬಂದು ಇಬ್ಬರದೂ ಎಳದು ಜಗ್ಗಿ ನೋಡಿ ಹೋದ್ರು. ಅವರು ಹೋದ ಮ್ಯಾಲ ರೋಹನ್‌ಗ ಆ ದೃಶ್ಯ ಸರಿ ಬಂದಿಲ್ಲಂತ ಅನಸ್ತು. ಭಾಗ್ಯಾ ಪಟ್ಟಿ ಬಿಚ್ಚಿ, ಕ್ಯಾಮೆರಾ ನೋಡಿ, ಮತ್ತ ಕಟ್ಟಬೇಕು ಅಂದ. ಆಕಿ ಬಿಚ್ಚಿದಳು. ಕಟ್ಟೂದರಾಗೇ ಬೆಳಕು ಹೋಗ್ತದ, ಮಂಜು ಬರ್ತದ, ಲಗೂನ ಅಂತ ಅವ ಒದರಿದ. ಸೀಟಿ ಊದಿದ್ರು. ಇಬ್ಬರೂ ಗೆರಿ ದಾಟಿ ಹೊಂಟ್ರು.

ನಾ ಆಕಿ ಬೆನ್ನಿನ ಕೆಂಪು ಚೀಲ ನೋಡಿಕೊಂಡು ನಿಂತಿದ್ದೆ. ವೈನಿ ಕಾಲು ನೋಡ್ತಿದ್ರು. ನನ್ನ ತೋಳು ಗಟ್ಟಿಯಾಗಿ ಹಿಡದ್ರು, ಉಗುರು ನಟ್ಟವು. ಏನು ಅಂದೆ. ಎಡಗಾಲು ಅಂದ್ರು. ಎಡಗಾಲಿನ ಪಟ್ಟಿ ಬಿಚ್ಚಿ ಹಿಮದ ಮ್ಯಾಲ ಹಾವಿನಂಗ ಎಳಕೊಂಡು ಹೊಂಟಿತ್ತು. ಮುಂದ ಏರು, ಅದರ ಬಾಜೂಕ ಹಿಮ ಬಿರಿದ ಕರೀ ಸಂದಿ. ವೈನಿ ಎರಡೂ ಕೈಲೆ ಬಾಯಿ ಮುಚ್ಚಿಕೊಂಡ್ರು. ಆ ಕಣ್ಣಾಗ ಏನಿತ್ತು ಅಂತ ನನಗ ಗೊತ್ತದ. ಕರದ್ರ ಅಣ್ಣಗ ಆದದ್ದು, ಕರೀಲಿಲ್ಲಂದ್ರ ಈ ಸಂದಿ. ಆಮ್ಯಾಲ ಕೈ ತಗದು ಕರದೇ ಬಿಟ್ರು.

"ಭಾಗ್ಯಾ!"

ಆಕಿ ನಿಂತಳು. ವೈನಿ ಕಾಲು ತೋರಿಸಿದ್ರು. ಆಕಿ ಬಗ್ಗಿ ಪಟ್ಟಿ ನೋಡಿಕೊಂಡಳು, ಕಟ್ಟಿಕೊಂಡಳು. ಹುಡುಗ ಮುಂದ ಹೋಗೂದರಾಗಿದ್ದ. ಕಟ್ಟಿಕೊಂಡು ಹೋಗು ತಂಗಿ, ಹೋಗು, ಏನೂ ಆಗಿಲ್ಲ ಅಂತ ತೀರ್ಪುಗಾರ ಹಿಂದಿದಾಗ ಕೂಗಿದ. ಆಕಿ ಎದ್ದು ನಿಂತು ಮ್ಯಾಲ ನೋಡಿದಳು. ಹೊರಳಿ ಅವ್ವನ್ನ ನೋಡಿದಳು. ಆಮ್ಯಾಲ ಕೆಳಗ ಇಳೀಲಿಕ್ಕೆ ಸುರು ಮಾಡಿದಳು. ಬ್ಯಾಡ ಅಂತ ನಾ ಕೈ ಬೀಸಿದೆ. ತೀರ್ಪುಗಾರನೂ ಬೀಸಿದ. ಆಕಿ ಕೆಂಪು ಗೆರಿ ದಾಟಿ ಈಕಡೆ ಬಂದು, ಅವ್ವನ ಕಾಲ ಹತ್ರ ಒಂದು ಕಲ್ಲಿನ ಮ್ಯಾಲ ಕುಂತು, ನೀರು ಕೊಡು ಅಂದಳು. ವೈನಿ ಬಾಟಲಿ ತಗದ್ರು, ನಾ ಮುಚ್ಚಳ ತಿರುವಿ ಕೊಟ್ಟೆ. ಕುಡದು, ಬಾಯಿ ಒರಸಿಕೊಂಡು, ಹೋಗಿ ಬರ್ತೇನಿ ಅಂತ ಎದ್ದು ಗೆರಿ ಹತ್ರ ಹೋಗಿ ನಿಂತಳು. ತೀರ್ಪುಗಾರ ಭಾಳ ಹೊತ್ತು ತನ್ನ ಸಣ್ಣ ಬಾವುಟ ಕೈಯಾಗ ಹಿಡಕೊಂಡು ನಿಂತ. ಆಮ್ಯಾಲ ಆಕಿ ಮುಂದ ಅಡ್ಡ ಹಿಡದ.

ರೋಹನ್ ಮಾತ್ರ ಕ್ಯಾಮೆರಾದವರಿಗಿ ಬಿಡಬ್ಯಾಡ್ರಿ, ಮುಖ ತಗೀರಿ, ತಾಯಿ ಮುಖ ತಗೀರಿ ಅಂತ ಪಿಸುಗುಡ್ತಿದ್ದ. ಯಾಕ ಹೊರಳಿ ಬಂದಿ ಅಂತ ಭಾಗ್ಯಾನ್ನ ಕೇಳಿದ್ರು. ಅವ್ವ ಕರದ್ಲು ಅಂದಳು, ಅಷ್ಟೇ. ಯಾಕ ಕರದ್ರಿ ಅಂತ ವೈನಿನ್ನ ಕೇಳಿದ್ರು. ಪಟ್ಟಿ ಬಿಚ್ಚಿತ್ರಿ ಅಂದ್ರು. ನಾ ಅದನ್ನ ಹಿಂದಿದಾಗ ಮತ್ತ ಮತ್ತ ಹೇಳಿದೆ, ಬೆರಳು ಮಾಡಿ ತೋರಿಸಿ ಹೇಳಿದೆ. ಆಗ ಅವರು ಕ್ಯಾಮೆರಾ ಬ್ಯಾರೆ ಕಡೆ ತಿರುವಿದ್ರು.

ಮತ್ತ ಮನಾನಾಬಾಯಿ ಮನಿ

ಸ್ಪರ್ಧಾ ಮುಗಿದಾಕಿ ಅಂತ ಭಾಗ್ಯಾನ್ನ ನಮ್ಮ ಸಂಗಾಟ ಕಳಿಸಿದ್ರು. ವೈನಿ ಒಲಿ ಮುಂದ ಕುಂತಿದ್ರು. ಲೆವಾನ್ ಮನಾನಾಬಾಯಿಗಿ ಎಲ್ಲಾ ಹೇಳಿದ. ಆಕಿ ಕೇಳಿ, ಎದ್ದು ಬಂದು, ಭಾಗ್ಯಾನ ಮುಖ ಎರಡೂ ಕೈಯಾಗ ಹಿಡದು ಹಣಿ ಮ್ಯಾಲ ಮುದ್ದು ಕೊಟ್ಟಳು. ಅಲ್ಲಿ ಅವ್ವಗ 'ದೇದಾ' ಅಂತಾರ. ದೇದಾ, ದೇದಾ ಅಂತ ವೈನಿ ಕಡೆ ಬೆರಳು ಮಾಡಿ ಅತ್ತಳು. ಆ ದೇಶದಾಗ ನಮ್ಮ ಮಾತು ತಿಳಿದಾಕಿ ಆಕಿ ಒಬ್ಬಾಕೇ.

ನನಗ ತಡಕೊಳ್ಳಲಿಕ್ಕಾಗಲಿಲ್ಲ. ಹುಡುಗೀನ್ನ ಅಂಗಳಕ್ಕ ಕರಕೊಂಡು ಹೋಗಿ ಬೈದೆ. ಅಲ್ಲೇ ಕಟ್ಟಿಕೊಂಡು ಹೋಗಿದ್ರ ಏನಾಗ್ತಿತ್ತು, ಕಲಿತಾಕಿ ನೀ, ಇಷ್ಟು ವರ್ಷ ಟಾಕಿ ಹತ್ತಿ, ಗ್ವಾಡಿ ಹತ್ತಿ, ಬೈಸಿಕೊಂಡು ಇಲ್ಲಿತನಕ ಬಂದು ಹಿಂಗ ಕೈಬಿಟ್ಟೆಲ್ಲ ಅಂದೆ. ನನಗೂ ಸಿಟ್ಟು ಯಾರ ಮ್ಯಾಲ ಇತ್ತೋ. ಆಕಿ ಬೇಲಿ ಹಿಡಕೊಂಡು ಬೆಟ್ಟದ ಕಡೆ ಮುಖ ಮಾಡಿ ನಿಂತಿದ್ಲು. ಬೆಟ್ಟ ಈಗ ಮಂಜಿನಿಂದ ಹೊರಗ ಬಂದು ಪೂರಾ ಕಾಣ್ತಿತ್ತು.

"ಅತ್ತಿ, ಅಪ್ಪ ಹೊರಳಿ ಬರಲಿಲ್ಲ. ಅವ್ವ ಇನ್ನೂ ಆ ಬಾಗಿಲದಾಗೇ ನಿಂತಾಳ. ನಾನೂ ಬರದಿದ್ರ ಆಕಿ ಅಲ್ಲೇ ಉಳೀತಿದ್ಲು."

ಒಳಗ ಹೋದ ಮ್ಯಾಲ ಆಕಿ ಅವ್ವನ ಬಾಜೂಕ ಕುಂತು ಗಿಣ್ಣ ತುಂಬಿದ ರೊಟ್ಟಿ ತಿಂದಳು, ಛಲೋ ಆಗ್ಯಾದ ಅಂದಳು. ವೈನಿ ತಿನ್ನಲಿಲ್ಲ.

ಭಾಲ್ಕಿ

ಕಡೀ ಕಂತು ಟಿವ್ಯಾಗ ಬರೂ ದಿನ ವೈನಿಯ ತಮ್ಮ ನಮ್ಮನ್ನ ಭಾಲ್ಕ್ಯಾಗಿನ ತನ್ನ ಮನಿಗಿ ಕರದಿದ್ದ. ವೈನಿಯ ತವರು ಮೆಹಕರದಿಂದ ಮಂದಿ ಟೆಂಪೋ ಮಾಡಿಕೊಂಡು ಬಂದಿದ್ರು. ಓಣಿ ಮಂದಿ ಪಡಸಾಲಿ ತುಂಬಿ ಅಂಗಳದಾಗ ನಿಂತಿದ್ರು. ಯಾರಿಗೂ ಫಲ ಗೊತ್ತಿಲ್ಲ, ಹೇಳಬಾರದು ಅಂತ ನಮ್ಮ ಕೈಲೆ ಸಹಿ ಮಾಡಿಸಿಕೊಂಡಿದ್ರು. ಪೇಢೆ ಡಬ್ಬಿ ತಂದು ಟಿವಿ ಮುಂದ ಇಟ್ಟಿದ್ರು.

ಪಟ್ಟಿ ಬಿಚ್ಚಿ ಕಟ್ಟಿದ್ದು ಟಿವ್ಯಾಗ ಬರಲಿಲ್ಲ. ಎಳಕೊಂಡು ಹೊಂಟ ಪಟ್ಟಿನೂ ಬರಲಿಲ್ಲ. ಭಾಗ್ಯಾ ಏರ್ತಾಳ, ವೈನಿ ಬಾಯಿ ಮುಚ್ಚಿಕೊಂತಾರ, ಪಿಟೀಲು ಅಳ್ತದ. ಅದರ ಮ್ಯಾಲ ನನ್ನದೇ ಧ್ವನಿ ಹಿಂದಿದಾಗ: ಅಂಜಿಕಿ ಬರ್ತದ, ಹೋಗಬ್ಯಾಡ ಅಂತ ಬಾಯಿ ತನಕ ಬರ್ತದ. 'ನುಂಗ್ತೇನಿ' ಅಂದದ್ದನ್ನ ಕತ್ತರಿಸಿದ್ರು. ಆಮ್ಯಾಲ ಭಾಗ್ಯಾ ಅಂತ ಕೂಗು. ಮಗಳು ಹೊರಳಿ ಬರ್ತಾಳ. ತಾಯಿ ಅಂಜಿಕಿ ಮುಂದ ಪರ್ವತ ಸೋತಿತು ಅಂತ ದೊಡ್ಡ ಅಕ್ಷರದಾಗ ಬಂತು. ಹುಡುಗ ಬಾವುಟ ಹಿಡದು ನಿಂತ. ಜೀವಮಾನ ಕತ್ತರಿ ಹಿಡದಾಕಿ ನಾ, ಒಂದು ಬಟ್ಟೀನ್ನ ಅಷ್ಟು ಕೆಟ್ಟದಾಗಿ ನಾ ಎಂದೂ ಕತ್ತರಿಸಿಲ್ಲ.

ಯಾರೂ ಪೇಢೆ ಮುಟ್ಟಲಿಲ್ಲ. ಅಂಗಳದಾಗಿನ ಮಂದಿ ಒಬ್ಬೊಬ್ಬರೇ ಜಾರಿದ್ರು. ವೈನಿ ತಮ್ಮನ ಹೆಂಡ್ತಿ ಕ್ವಾಣ್ಯಾಗಿಂದ ಬಂದು, ಅಕ್ಕ, ಒಂದು ಗಳಿಗಿ ತಡಕೊಂಡಿದ್ರ ಹುಡುಗಿ ಬಾಳು ಬ್ಯಾರೆ ಆಗ್ತಿತ್ತಲ್ಲರಿ ಅಂದಳು. ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ, ಖರೇನೇ ಮರುಗಿ ಅಂದಳು. ಭಾಗ್ಯಾ ಎದ್ದು ನಿಂತಳು.

"ಪಟ್ಟಿ ಬಿಚ್ಚಿತ್ತು ಮಾಮಿ. ಅವ್ವ ಕರೀದಿದ್ರ ನಾ ಆ ಸಂದ್ಯಾಗ ಬೀಳ್ತಿದ್ದೆ."

ಮೆಹಕರದ ಒಬ್ಬ ಹಿರೀ ಮನಷ್ಯಾ ಮೂಲ್ಯಾಗ ಕುಂತಿದ್ದ. "ಟಿವ್ಯಾಗ ಏನೂ ಕಾಣಲಿಲ್ಲಲ್ಲವ್ವ," ಅಂದ. ಅವಗೂ ಅನುಮಾನ ಅಂತಲ್ಲ, ಕಂಡದ್ದು ಹೇಳಿದ. ಭಾಗ್ಯಾ ನನ್ನ ಕಡೆ ನೋಡಿದಳು, ನಾ ಹೌದು ಹೌದು ಬಿಚ್ಚಿತ್ತು ಅಂದೆ. ಆಕಿ ಮನಿಯವರೇ ನಾವು, ನಮ್ಮ ಸಾಕ್ಷಿ ಯಾವ ಲೆಕ್ಕದಾಗ? ವೈನಿ ಎಲ್ಲರ ಮುಂದೂ ಪೇಢೆ ಡಬ್ಬಿ ಹಿಡದು ತಗೋರಿ, ಹುಡುಗಿ ಜೀವಂತ ಮನಿಗಿ ಬಂದಾಳ, ಬಾಯಿ ಸಿಹಿ ಮಾಡ್ರಿ ಅಂತ ತಿರುಗಿದ್ರು. ಒಬ್ಬಿಬ್ಬರು ತಗೊಂಡು ಕೈಯಾಗೇ ಹಿಡಕೊಂಡು ಕುಂತ್ರು.

ಬೀದರ, ಬಸ್ ಸ್ಟ್ಯಾಂಡ್

ಅಂದಿನಿಂದ ವೈನಿ ಕರಿಯೂದನ್ನೇ ಬಿಟ್ರು. ಮೊದಲು ಹಿಂದಿಂದ ಕರೀತಿರಲಿಲ್ಲ, ಈಗ ಮುಂದಿಂದನೂ ಇಲ್ಲ. ನನ್ನ ಮನಿಗಿ ಬಂದಾಗ ಬಜಾರದಾಗ ನನಗ ಏನರೇ ಹೇಳಬೇಕಾದ್ರ ದಡದಡ ನಡದು ನನ್ನ ದಾಟಿ ಮುಂದ ಹೋಗಿ, ಹೊರಳಿ ನಿಂತು ಹೇಳ್ತಾರ. ಬಾಜೂ ಮನಿ ಕೂಸು ಚಪ್ಪಲ್ಲು ಬಿಟ್ಟು ಹೊಂಟ್ರ, ಚಪ್ಪಲ್ಲು ಹಿಡಕೊಂಡು ಓಡಿ, ಅದರ ಮುಂದ ಹೋಗಿ ನಿಂತು ಕೊಡ್ತಾರ. ಮೆಹರುನ್ನಿಸಾ ಆಪಾ ಅದನ್ನ ನೋಡಿ ಕಣ್ಣೀರು ಹಾಕಿದ್ರು.

ಭಾಗ್ಯಾಗ ಹೈದರಾಬಾದಿನ ಒಂದು ಮಾಲ್‌ನಾಗ ಕೆಲಸ ಸಿಕ್ಕಿತು. ಅಲ್ಲಿ ಮಕ್ಕಳು ಹತ್ತಿ ಆಡಲಿಕ್ಕೆ ಕೈಕಾಲಿಗಿ ಆಸರಾಗೂ ಪ್ಲಾಸ್ಟಿಕ್ಕಿನ ಗುಬಟಿ ಹಚ್ಚಿದ ಗ್ವಾಡಿ ಇರ್ತದಂತ. ಮಕ್ಕಳು ಹತ್ತತಾವ, ಈಕಿ ಕೆಳಗ ಹಗ್ಗ ಹಿಡದು ನಿಂದರಬೇಕು. ಮ್ಯಾಲ ಹೋಗೂದು ಅವು, ಹಿಡಿಯೂದು ಈಕಿ. ಏನೂ ಇಲ್ಲದಕ್ಕಿಂತ ಇದಾದರೂ ಸಿಕ್ಕತಲ್ಲ ಅತ್ತಿ ಅಂದಳು. ನಕ್ಕೇ ಅಂದಳು.

ಕಳಸಲಿಕ್ಕೆ ನಾವಿಬ್ಬರೂ ಬಸ್ ಸ್ಟ್ಯಾಂಡಿಗಿ ಹೋಗಿದ್ವಿ. ಬೆಂಚಿನ ಮ್ಯಾಲ ಕುಂತು ಮಿರ್ಚಿ ಭಜಿ ತಿಂದ್ವಿ. ಹೋಗಿ ಬರ್ತೇನಿ ಅಂತ ನಮ್ಮಿಬ್ಬರ ಕಾಲು ಮುಟ್ಟಿ, ಚೀಲ ಹೆಗಲಿಗಿ ಹಾಕಿಕೊಂಡು ಬಸ್ಸು ಹತ್ತಿದಳು. ಆಕಿ ನೀರಿನ ಬಾಟಲಿ ಬೆಂಚಿನ ಮ್ಯಾಲೇ ಉಳದಿತ್ತು. ನಾ ನೋಡಿದೆ, ವೈನಿನೂ ನೋಡಿದ್ರು. ಕರೀಲಿಕ್ಕೆ ನಾ ಬಾಯಿ ತಗದೆ. ವೈನಿ ಅಂಗೈ ನನ್ನ ಬಾಯಿ ಮ್ಯಾಲ ಬಂತು, ಒತ್ತಿ ಹಿಡದ್ರು.

ಭಾಗ್ಯಾ ಕಿಟಕಿ ಬಾಜೂಕ ಕುಂತಿದ್ಲು. ನಮ್ಮನ್ನ ನೋಡಿದಳು, ಬಾಟಲಿ ನೋಡಿದಳು. ಮರತಿದ್ಲೋ, ಬೇಕಂತನೇ ಬಿಟ್ಟಿದ್ಲೋ, ಇಂದಿಗೂ ನನಗ ತಿಳೀದು. ಕಂಡಕ್ಟರ್ ರೈಟ್ ಅಂದ. ಬಸ್ಸು ಹಿಂದ ಸರದು ಹೊರಳಿತು. ಆಕಿ ಕಿಟಕಿಯಿಂದ ಅರ್ಧ ಹೊರಗ ಬಂದು ಅವ್ವನ ಬಾಯಿನೇ ನೋಡ್ತಿದ್ಲು. ಕರದ್ರ ಇಳದು ಬರ್ತಿದ್ಲು, ಬಂದು ಕುಂಡ್ರತಿದ್ಲು, ಅಷ್ಟು ನನಗ ಗೊತ್ತದ.

ವೈನಿ ಬಾಟಲಿ ಎತ್ತಿಕೊಂಡು ಓಡಿದ್ರು. ಕಿಟಕ್ಯಾಗ ಕೊಡಲಿಕ್ಕಲ್ಲ. ಬಸ್ಸಿನ ಬಾಜೂಕೇ, ಕಿಟಕಿ ಕಡೆ ನೋಡದನೇ, ತುಟಿ ಕಚ್ಚಿಕೊಂಡು ಓಡಿದ್ರು. ಬಸ್ಸು ದಾಟಿ ಅದರ ಮುಂದ ಹೋಗಿ ನಿಂದರಬೇಕಂತ ಓಡಿದ್ರು. ಗೇಟಿನ ತನಕ ಓಡಿದ್ರು. ಬಸ್ಸು ಜೋರು ಹಿಡೀತು.

ತಿರುಗಿ ಬಂದು ಬೆಂಚಿನ ಮ್ಯಾಲ, ಭಾಗ್ಯಾ ಕುಂತಿದ್ದ ಜಾಗಾದಾಗೇ ಕುಂತ್ರು. ಉಸಿರು ಹತ್ತಿತ್ತು. ಒಂದು ಗಳಿಗಿ ಸುಮ್ಮ ಕುಂತು, ಬಾಟಲಿ ಮುಚ್ಚಳ ತಗದು, ಮಗಳು ಕುಡೀಬೇಕಾದ ನೀರು ಪೂರಾ ತಾವೇ ಕುಡದ್ರು.